ಪ್ರತಿ ಶ್ಲೋಕಕ್ಕೂ ಒಂದು ಟಪ್

ಟಪ್. ಪ್ರತಿ ಶ್ಲೋಕ ಶುರುವಾಗುವಾಗಲೂ ಅದೇ ಸದ್ದು. ಸ್ಪೀಕರಿನೊಳಗೆ ಯಾರೋ ಕೂತು ಚಿಟಿಕೆ ಹೊಡೆದ ಹಾಗೆ. ಆ ಸದ್ದು ಬಂದಾಗಲೆಲ್ಲ ಅಪ್ಪನ ಭುಜ ಸಣ್ಣಗೆ ಅದುರುತ್ತಿತ್ತು, ಬಾಯಿ ಅರ್ಧ ತೆರೆದುಕೊಳ್ಳುತ್ತಿತ್ತು, ಗಂಟಲಿನಿಂದ ಏನೋ ಹೊರಡಲು ನೋಡಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ರೆಕಾರ್ಡಿಂಗಿನಲ್ಲಿದ್ದವರು ಮುಂದಿನ ಪದಕ್ಕೆ ಹೋಗಿಯೇಬಿಟ್ಟಿರುತ್ತಿದ್ದರು. ನಾನು ರಿಮೋಟನ್ನು ಸೋಫಾದ ಮೇಲೆ ಎಸೆದು, ಸೀರೆ ಎತ್ತಿ ಕಟ್ಟಿ, ಮತ್ತೆ ಟಿವಿ ಸ್ಟ್ಯಾಂಡಿನ ಹಿಂದೆ ನುಗ್ಗುತ್ತಿದ್ದೆ.

"ಹೋದಳು ನೋಡು ಪುನಃ ಬಿಲದೊಳಗೆ," ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. "ಚುಮ್ಮಾ ಇರಕ್ಕೆ ಬರಲ್ವೇನೇ ನಿಂಗೆ? ಅವರಿಗೆ ಇಲ್ಲದ ತೊಂದರೆ ನಿಂಗ್ಯಾಕೆ?"

ಚುಮ್ಮಾ ಇರಲು, ಅಂದರೆ ಸುಮ್ಮನಿರಲು, ನನಗೆ ಬರುವುದಿಲ್ಲ, ನಿಜ. ಅದರಲ್ಲೂ ಆ ದಿನಗಳಲ್ಲಿ ಬರುವುದು ಸಾಧ್ಯವೇ ಇರಲಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಆಗಿತ್ತು. ಬಲಗೈ ಬಲಗಾಲು ದೇವರ ದಯೆಯಿಂದ ಮುಕ್ಕಾಲು ಪಾಲು ವಾಪಸು ಬಂದಿದ್ದವು. ಮಾತು ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಕಾಫಿಗೆ ಸಕ್ಕರೆ ಕಡಿಮೆಯಾದರೆ ಲೋಟವನ್ನು ಮುಂದಕ್ಕೆ ತಳ್ಳುತ್ತಿದ್ದರು, ಪೇಪರನ್ನು ಮೊದಲಿನಂತೆಯೇ ಕೊನೆಯ ಪುಟದಿಂದ ತಿರುವುತ್ತಿದ್ದರು. ಬಾಯಿ ತೆರೆದರೆ ಮಾತ್ರ ಒಂದೂ ಪದವಿಲ್ಲ. ಈ ಮನುಷ್ಯ ಜೀವಮಾನವೆಲ್ಲ ಮಾತಿನಲ್ಲೇ ಬದುಕಿದವರು. ಮದ್ರಾಸಿನ ಕ್ರೋಂಪೇಟೆಯಿಂದ ಬೀಚ್ ಸ್ಟೇಷನ್ನಿನವರೆಗೆ ದಿನಾ ಲೋಕಲ್ ರೈಲಿನಲ್ಲಿ ಹೋಗಿ ಬರುವಾಗ ಇಡೀ ಡಬ್ಬಿಗೆ ತಮಿಳಿನಲ್ಲಿ ರಾಜಕೀಯ ಹೇಳಿದವರು, ಮನೆಗೆ ಬಂದು ಅಮ್ಮನ ಜೊತೆ ಕನ್ನಡದಲ್ಲಿ ಜಗಳವಾಡಿದವರು, ಬ್ಯಾಂಕಿನವರ ಜೊತೆ ಇಂಗ್ಲಿಷಿನಲ್ಲಿ ಹರಿಹಾಯ್ದವರು. ಮೂರು ಭಾಷೆಯೂ ಒಟ್ಟಿಗೇ ಬಾಗಿಲು ಹಾಕಿಕೊಂಡಿದ್ದವು.

ಮಾತಿನ ಅಭ್ಯಾಸ ಮಾಡಿಸಲು ಬೆಳಗ್ಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ ಮೊದಲ ದಿನವೇ ನನ್ನನ್ನು ಬಾಲ್ಕನಿಗೆ ಕರೆದು ಹೇಳಿದ್ದಳು: ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಆಮೇಲೆ ಸುಧಾರಣೆ ನಿಧಾನವಾಗುತ್ತದೆ. ಅವಳು ಅದನ್ನು ಸಮಾಧಾನವಾಗಿಯೇ ಹೇಳಿದಳು. ನನ್ನ ಕಿವಿಗೆ ಮಾತ್ರ ಅದು ಹೊರಡಲು ನಿಂತ ರೈಲಿನ ಸೀಟಿಯ ಹಾಗೆ ಕೇಳಿತು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ, ಊಟ ರುಚಿಯಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಹಾಲಿನಲ್ಲಿ ಅಡ್ಡಾಡುತ್ತಿದ್ದೆ. ಅಪ್ಪ ಇನ್ನು ಮುಂದೆ ನನ್ನನ್ನು ಬಾಯಿ ತುಂಬ ಬೈಯುವುದೇ ಇಲ್ಲವೇನೋ ಎಂದು ನನಗೆ ಭಯವಾಗುತ್ತಿತ್ತು.

ಶ್ಲೋಕದ ಉಪಾಯವನ್ನು ಹೇಳಿದವಳೂ ಆ ಹುಡುಗಿಯೇ. ಮಾತು ಹೋದವರಿಗೂ ಕೆಲವೊಮ್ಮೆ ಬಾಯಿಪಾಠವಾದದ್ದು ಉಳಿದಿರುತ್ತದಂತೆ. ಹಾಡು, ಮಗ್ಗಿ, ವಾರದ ಹೆಸರುಗಳು. ಅದನ್ನು ಹಿಡಿದುಕೊಂಡು ಮೆಲ್ಲಗೆ ಮಾತಿನ ಕಡೆಗೆ ಬರಬಹುದಂತೆ. "ತಾತಾ ಪಾಡುವಾರಾ?" ಎಂದು ಕೇಳಿದಳು. ತಾತ ಹಾಡುತ್ತಾರೋ ಎಂದು ಕೇಳಿದ್ದಕ್ಕೆ ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಹಾಡುವುದೇನು, ನಲವತ್ತು ವರ್ಷದಿಂದ ಶನಿವಾರ ಸಂಜೆಯೆಂದರೆ ಅಪ್ಪನಿಗೆ ಪಾರಾಯಣದ ಗುಂಪು. ಬೆಸೆಂಟ್ ನಗರದಲ್ಲಿ ಅವರ ಸ್ನೇಹಿತರೊಬ್ಬರ ಮನೆಯ ಹಾಲಿನಲ್ಲಿ ಜಮಖಾನ ಹಾಸಿ, ನಮ್ಮಂಥ ಹಳೇ ಮದ್ರಾಸಿನ ಕನ್ನಡದ ಮನೆಗಳ ಹಿರಿಯರೆಲ್ಲ ಕೂತು ಸ್ತೋತ್ರ ಹೇಳುತ್ತಿದ್ದರು. ಹೇಳಿ ಮುಗಿಸಿ, ಉಪ್ಪಿಟ್ಟು ತಿಂದು, ಸಮುದ್ರದ ಗಾಳಿ ಕುಡಿದು, ಬಸ್ಸು ಹತ್ತಿ ಬರುತ್ತಿದ್ದರು. ಒಮ್ಮೆ ಯಾರದೋ ಅಳಿಯ ಒಳ್ಳೆಯ ಮೈಕು ತಂದು ಎಲ್ಲರನ್ನೂ ಕೂರಿಸಿ ರೆಕಾರ್ಡ್ ಮಾಡಿದ್ದ. ಪೆನ್‌ಡ್ರೈವ್ ನಮ್ಮ ಮನೆಯಲ್ಲೂ ಇತ್ತು, ಯಾರೂ ಕೇಳಿರಲಿಲ್ಲ. ಪ್ರತಿ ವಾರ ಹೋಗಿ ಹೇಳುವವರಿಗೆ ರೆಕಾರ್ಡ್ ಯಾಕೆ ಬೇಕು?

ನನ್ನ ಮಗಳು ಕಾಲೇಜಿನಿಂದ ಬಂದು ಕಂಪ್ಯೂಟರಿನಲ್ಲಿ ಆ ಉದ್ದದ ರೆಕಾರ್ಡಿಂಗನ್ನು ಶ್ಲೋಕ ಶ್ಲೋಕವಾಗಿ ಕತ್ತರಿಸಿಕೊಟ್ಟಳು. ಒಂದು ಶ್ಲೋಕ ಹಾಕುವುದು, ನಿಲ್ಲಿಸುವುದು, ಅಪ್ಪ ಹೇಳುತ್ತಾರೋ ಎಂದು ಕಾಯುವುದು, ಮತ್ತೆ ಹಾಕುವುದು. ಥೆರಪಿಸ್ಟಿನ ಕ್ರಮ ಅದು.

ಮೊದಲು ಫೋನಿನಲ್ಲೇ ಹಾಕಿದೆವು. ಅಪ್ಪ ಕಣ್ಣು ಮುಚ್ಚಿ ಕೇಳಿದರು, ಅಷ್ಟೇ. ತುಟಿ ಅಲುಗಲಿಲ್ಲ. ಫೋನಿನ ಆ ಕೀಚಲು ಸದ್ದಿನಲ್ಲಿ ಯಾರಿಗೆ ತಾನೆ ಉತ್ಸಾಹ ಬರುತ್ತದೆ ಎಂದು ನಾನೇ ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಲು ನನಗೆ ಒಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಒಳ್ಳೆಯ ಸೌಂಡ್ ಸಿಸ್ಟಮ್ ಇದೆ, ಅದರ ಹುಚ್ಚು ಇರುವುದು ನನಗೇ. ಬೇರೆ ಹೆಂಗಸರು ಸೀರೆಗೆ ಸುರಿಯುವುದನ್ನು ಈಕೆ ತಂತಿಗೆ ಸುರಿಯುತ್ತಾಳೆ ಎಂದು ಅಮ್ಮ ನೆಂಟರ ಮುಂದೆ ಹೇಳಿಕೊಂಡು ಬಂದಿದ್ದಾಳೆ. ಒಂದು ಸ್ಟ್ರೀಮರ್, ಒಂದು ಡ್ಯಾಕ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ಸ್ಟ್ರೀಮರ್ ಎನ್ನುವುದು ಹಾಡನ್ನು ಇಂಟರ್ನೆಟ್ಟಿನಿಂದಲೋ ಪೆನ್‌ಡ್ರೈವಿನಿಂದಲೋ ತಂದು ಕೊಡುವ ಪೆಟ್ಟಿಗೆ. ಅದು ತರುವುದು ಬರೀ ಅಂಕಿಗಳು. ಆ ಅಂಕಿಗಳನ್ನು ಕಿವಿಗೆ ಕೇಳುವ ನಾದವಾಗಿ ಬದಲಾಯಿಸುವ ಇನ್ನೊಂದು ಪುಟ್ಟ ಪೆಟ್ಟಿಗೆಗೆ ಡ್ಯಾಕ್ ಎನ್ನುತ್ತಾರೆ. ಎರಡರ ನಡುವೆ ಒಂದು ಯುಎಸ್‌ಬಿ ಕೇಬಲ್. ಹಾಡು ಕೇಳುವಾಗ ಆ ಸಿಸ್ಟಮ್ಮಿನಿಂದ ನನಗೆ ಒಂದು ದಿನವೂ ತಕರಾರಿರಲಿಲ್ಲ.

ಅಪ್ಪನ ಶ್ಲೋಕಗಳನ್ನು ಅದರಲ್ಲಿ ಹಾಕಿದ ಮೊದಲ ಬೆಳಗ್ಗೆಯೇ ಟಪ್ ಶುರುವಾಯಿತು. ಆ ಬೆಳಗ್ಗೆಯೇ ಅಪ್ಪನ ಬಾಯಿಯೂ ಮೊದಲ ಬಾರಿ ತೆರೆಯಿತು. ನಾನು ಎರಡನ್ನೂ ಕೂಡಿಸಿ ಲೆಕ್ಕ ಹಾಕಿದೆ: ದೊಡ್ಡ ಸ್ಪೀಕರಿನ ನಾದಕ್ಕೆ ಬಾಯಿ ತೆರೆಯುತ್ತಿದೆ, ಆದರೆ ಈ ದರಿದ್ರ ಟಪ್ ಅವರನ್ನು ಬೆಚ್ಚಿಬೀಳಿಸಿ ತಡೆಯುತ್ತಿದೆ. ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ. ಅದಕ್ಕೆ ಬೇರೆ ಏನು ಅರ್ಥ? ಥೆರಪಿಸ್ಟ್ ಕೂಡ ದಿಢೀರ್ ಸದ್ದುಗಳು ಇವರಿಗೆ ಒಳ್ಳೆಯದಲ್ಲ ಎಂದಳು. ಅಷ್ಟು ಸಾಕಾಯಿತು ನನಗೆ.

ಆ ಟಪ್ಪಿನ ಹಿಂದೆ ನಾನು ಬಿದ್ದ ಪರಿಯನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಮೊದಲು ಕೇಬಲ್ಲನ್ನು ಅನುಮಾನಿಸಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೋಗಿ, ಆ ಜನಜಂಗುಳಿಯಲ್ಲಿ ಬೆವರು ಸುರಿಸಿಕೊಂಡು ಅಂಗಡಿ ಅಂಗಡಿ ಅಲೆದು, ಗಿಡ್ಡನೆಯ ದಪ್ಪನೆಯ ಹೊಸ ಕೇಬಲ್ ತಂದೆ. ಟಪ್. ಆಮೇಲೆ ಕರೆಂಟನ್ನು ಅನುಮಾನಿಸಿದೆ. ಫ್ರಿಜ್ಜಿನ ಮೋಟಾರು ಶುರುವಾದಾಗ ಸ್ಪೀಕರಿನಲ್ಲಿ ಸದ್ದು ಬರುವುದುಂಟು ಎಂದು ಎಲ್ಲೋ ಓದಿ, ಫ್ರಿಜ್ ಆರಿಸಿದೆ. ಅದನ್ನು ಮತ್ತೆ ಹಾಕಲು ಮರೆತೆ. ಸಂಜೆ ಹಾಲು ಒಡೆದು, ದೋಸೆಹಿಟ್ಟು ಹುಳಿಬಂದು ಪಾತ್ರೆಯಿಂದ ಹೊರಗೆ ಬಂದಿತ್ತು.

"ಇದು ಮನೆಯಾ ಲ್ಯಾಬಾ?" ಎಂದಳು ಅಮ್ಮ. "ಒಂದು ಪೆಟ್ಟಿಗೆಗೋಸ್ಕರ ಮೂರು ದಿನದ ಹಿಟ್ಟು ವೇಸ್ಟು. ನಿಮ್ಮಪ್ಪಂಗೆ ಬಾಯಿ ಇದ್ದಿದ್ರೆ ಏನಂತಿದ್ರು ಗೊತ್ತಾ?"

ಬಾಯಿ ಇದ್ದಿದ್ದರೆ ಎಂದು ಅವಳ ಬಾಯಿಯಿಂದಲೇ ಬಂದದ್ದಕ್ಕೆ ಇಬ್ಬರೂ ಹೊರಗೆ ಅಪ್ಪನ ಕುರ್ಚಿಯ ಕಡೆಗೆ ತಿರುಗಿ ನೋಡಿದೆವು. ಅಪ್ಪ ಹಾಲಿನಲ್ಲಿ ಪೇಪರ್ ಮಡಿಸುತ್ತಿದ್ದರು. ಅವರಿಗೆ ಕೇಳಿಸಿರಲೇಬೇಕು.

ಮರುದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ನೋಡಿಸಿದೆ. ಎಲ್ಲ ಸರಿ ಇದೆ ಎಂದ. ಸರಿ ಇದ್ದದ್ದೇ ನನಗೆ ಕೋಪ ತರಿಸಿತು. ತಪ್ಪು ಎಲ್ಲೋ ಒಂದು ಕಡೆ ಇದ್ದರೆ ಹೋಗಿ ಅದರ ಕುತ್ತಿಗೆ ಹಿಡಿಯಬಹುದು. ಸ್ಟ್ರೀಮರನ್ನು ವೈಫೈನಿಂದ ಬಿಡಿಸಿ ಹಾಲಿನ ಉದ್ದಕ್ಕೂ ಒಂದು ತಂತಿ ಎಳೆದೆ. ಅಮ್ಮ ಅದನ್ನು ಎಡವಿ, ಬೀಳದೆ, ಆದರೆ ಬಿದ್ದಷ್ಟೇ ಜೋರಾಗಿ ಕೂಗಿದಳು. ತಂತಿ ಸುತ್ತಿಟ್ಟೆ. ಸ್ಟ್ರೀಮರಿನ ಸಾಫ್ಟ್‌ವೇರ್ ಬದಲಾಯಿಸಿದೆ, ಬಫರ್ ಹೆಚ್ಚಿಸಿದೆ, ತಗ್ಗಿಸಿದೆ. ನನ್ನಂಥ ಹುಚ್ಚರೇ ಸೇರುವ ಒಂದು ಆನ್‌ಲೈನ್ ಗುಂಪಿನಲ್ಲಿ ಕೇಳಿದೆ. ಒಬ್ಬ ಡ್ಯಾಕ್ ಬದಲಾಯಿಸಿ ಎಂದ, ಇನ್ನೊಬ್ಬ ಸ್ಟ್ರೀಮರ್ ಬದಲಾಯಿಸಿ ಎಂದ, ಮೂರನೆಯವನು ಮನೆಯನ್ನೇ ಬದಲಾಯಿಸಿ ಎನ್ನುವುದೊಂದು ಬಾಕಿ.

ಮಗಳು ಇದನ್ನೆಲ್ಲ ಊಟದ ಟೇಬಲ್ಲಿನಿಂದ ನೋಡುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ಅಮ್ಮಾ, ತಾತಾಕ್ಕು ಅದು ಪ್ರಾಬ್ಲಮೇ ಇಲ್ಲೆ ಮಾ," ಎಂದಳು. "ಉನಕ್ಕುತ್ತಾನ್ ಪ್ರಾಬ್ಲಮ್."

ತಾತನಿಗಲ್ಲ, ತೊಂದರೆ ನಿನಗೇ ಎಂದು ಹೆತ್ತ ಮಗಳು ಹೇಳಿದರೆ ಹೇಗಾಗಬೇಡ! "ಓದೋ ಕೆಲಸ ಇದ್ರೆ ನೋಡ್ಕೋ ಹೋಗು," ಎಂದು ಗದರಿ ಕಳುಹಿಸಿದೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ನನ್ನ ಗಂಡನಿಗೆ ಯಾವಾಗ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡಬೇಕೆಂದು ಚೆನ್ನಾಗಿ ಗೊತ್ತು.

ಸುಳಿವು ಸಿಕ್ಕಿದ್ದು ಒಂದು ಭಾನುವಾರ ಬೆಳಗ್ಗೆ. ಥೆರಪಿಸ್ಟಿಗೆ ರಜೆ. ಶ್ಲೋಕ ಶ್ಲೋಕವಾಗಿ ಹಾಕಿ ನಿಲ್ಲಿಸುವ ತಾಳ್ಮೆ ನನಗಿರಲಿಲ್ಲ. ಕತ್ತರಿಸದ ಇಡೀ ರೆಕಾರ್ಡಿಂಗನ್ನೇ ಹಾಕಿಬಿಟ್ಟು ತರಕಾರಿ ಹೆಚ್ಚಲು ಕೂತೆ. ಶುರುವಿನಲ್ಲಿ ಒಂದು ಟಪ್ ಬಂತು. ಆಮೇಲೆ ಬರಲೇ ಇಲ್ಲ. ಬೀನ್ಸ್ ಮುಗಿಯಿತು, ಕ್ಯಾರೆಟ್ ಮುಗಿಯಿತು, ಟಪ್ ಇಲ್ಲ. ಚಾಕು ಕೆಳಗಿಟ್ಟು ಎದ್ದೆ.

ಸದ್ದು ಬರುವುದು ಮೌನದಿಂದ ಏಳುವಾಗ ಮಾತ್ರ! ಹಾಡು ನಿಂತ ಕೂಡಲೇ ಡ್ಯಾಕ್ ಒಂದು ಕೋಳಿನಿದ್ದೆಗೆ ಜಾರುತ್ತಿತ್ತು. ಮತ್ತೆ ಅಂಕಿ ಬಂದಾಗ ಎಚ್ಚರಗೊಂಡು, ಲಯ ಹಿಡಿದುಕೊಂಡು, ಬಾಗಿಲು ತೆರೆಯುವಾಗ ಟಪ್ ಎನ್ನುತ್ತಿತ್ತು. ನಾನು ಕೇಳುವ ಹಾಡುಗಳು ಒಂದರ ಹಿಂದೆ ಒಂದು ಬರುವುದರಿಂದ ಅದಕ್ಕೆ ನಿದ್ದೆ ಮಾಡಲು ಪುರಸೊತ್ತೇ ಸಿಕ್ಕಿರಲಿಲ್ಲ. ಅಪ್ಪನ ಅಭ್ಯಾಸದಲ್ಲಿ ಪ್ರತಿ ಶ್ಲೋಕದ ನಂತರವೂ ನಿಲುಗಡೆ. ಹಾಗಾಗಿ ಪ್ರತಿ ಶ್ಲೋಕಕ್ಕೂ ಒಂದು ನಿದ್ದೆ, ಪ್ರತಿ ಶ್ಲೋಕಕ್ಕೂ ಒಂದು ಟಪ್.

ಆದರೂ ಖಚಿತ ಮಾಡಿಕೊಳ್ಳಬೇಕಿತ್ತು. ಟಪ್ ರೆಕಾರ್ಡಿಂಗಿನಲ್ಲೇ ಇಲ್ಲ ತಾನೆ? ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಫೋನಿನಲ್ಲಿ ಒಂದು ಶ್ಲೋಕ ಹಾಕಿಕೊಂಡೆ.

ಟಪ್ ಇರಲಿಲ್ಲ. ಅದರ ಜಾಗದಲ್ಲಿ ಅಪ್ಪ ಇದ್ದರು.

ಒಬ್ಬರೇ. ತುಂಬು ಗಂಟಲಿನಲ್ಲಿ ಮೊದಲ ಪದವನ್ನು ಅಪ್ಪ ಒಬ್ಬರೇ ಹೇಳಿ ಬಿಡುತ್ತಾರೆ, ಅದನ್ನು ಹಿಡಿದುಕೊಂಡು ಉಳಿದವರೆಲ್ಲ ಒಟ್ಟಿಗೇ ಸೇರುತ್ತಾರೆ. ಇನ್ನೊಂದು ಶ್ಲೋಕ ಹಾಕಿದೆ. ಅದರಲ್ಲೂ ಅಪ್ಪ. ಮತ್ತೊಂದರಲ್ಲೂ. ಪಾರಾಯಣದ ಗುಂಪುಗಳಲ್ಲಿ ಹಾಗೆ ಒಬ್ಬರಿರುತ್ತಾರೆ. ಶ್ರುತಿ ಹಿಡಿದು, ಯಾವ ಶ್ಲೋಕ ಎಂದು ಜ್ಞಾಪಕವಿಟ್ಟು, ಪ್ರತಿಯೊಂದಕ್ಕೂ ತಲೆ ಎತ್ತಿಕೊಡುವವರು. ಅವರು ಎತ್ತಿಕೊಡದೆ ಯಾರೂ ಬಾಯಿ ಬಿಡುವಂತಿಲ್ಲ. ಆ ಗುಂಪಿನಲ್ಲಿ ಎತ್ತಿಕೊಡುವವರು ಅಪ್ಪ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಆ ವಿಷಯಕ್ಕೆ ಅವರ ಜಂಬವೂ ಗೊತ್ತಿತ್ತು. ಆದರೆ ಒಂದು ಶನಿವಾರವೂ ಹೋಗಿ ಕೂತು ಕೇಳಿದವಳಲ್ಲ ನಾನು. ಸ್ಪೀಕರಿನಲ್ಲಿ ಗುಂಪಿನ ಧ್ವನಿ ಕೇಳಿದಾಗ ಶ್ಲೋಕ ಶುರುವಾಗುವುದೇ ಅಲ್ಲಿಂದ ಎಂದುಕೊಂಡಿದ್ದೆ. ಮೊದಲು ಫೋನಿನಲ್ಲಿ ಹಾಕಿದಾಗ ನನ್ನ ಗಮನವೆಲ್ಲ ಅಪ್ಪನ ತುಟಿಯ ಮೇಲಿತ್ತು, ಈ ಬೆಳಗ್ಗೆ ಟಪ್ಪಿನ ಮೇಲೆ; ಶ್ಲೋಕವನ್ನು ಕೇಳಿಸಿಕೊಂಡವರು ಯಾರು!

ನನ್ನ ಡ್ಯಾಕ್ ಎಚ್ಚರಗೊಳ್ಳುವಷ್ಟರಲ್ಲಿ ಆ ಮೊದಲ ಪದವನ್ನು ನುಂಗಿಹಾಕುತ್ತಿತ್ತು. ಪ್ರತಿ ಬೆಳಗ್ಗೆ, ಪ್ರತಿ ಶ್ಲೋಕದಲ್ಲಿ, ಅಪ್ಪನ ಧ್ವನಿಯೊಂದನ್ನೇ ಆರಿಸಿ ಆರಿಸಿ ನುಂಗಿ, ಬದಲಿಗೆ ಟಪ್ ಎಂದು ಉಗುಳುತ್ತಿತ್ತು. ಮಾತು ಕಳೆದುಕೊಂಡ ಮನುಷ್ಯನ ಮುಂದೆ ಅವರ ಇದ್ದ ಮಾತನ್ನೂ ಕಿತ್ತುಕೊಂಡು ಕೂತಿದ್ದೆನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಷ್ಟು ತಿಂಗಳಲ್ಲಿ ಅತ್ತದ್ದು ಅದೇ ಮೊದಲು.

ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡ್ಯಾಕಿನ ಸೆಟ್ಟಿಂಗಿನಲ್ಲಿ ನಿದ್ದೆ ಹೋಗದ ಹಾಗೆ ಮಾಡುವ ಒಂದು ಆಯ್ಕೆ ಇತ್ತು, ಅದನ್ನು ಒತ್ತಿದೆ. ಇನ್ನೂ ಭದ್ರವಾಗಿರಲಿ ಎಂದು ಮಗಳು ಪ್ರತಿ ಶ್ಲೋಕದ ಮುಂದೆ ಸ್ವಲ್ಪ ಮೌನವನ್ನು ಜೋಡಿಸಿಕೊಟ್ಟಳು. ಆ ಮೌನವನ್ನು ಬೇಕಾದರೆ ನುಂಗಿಕೊಳ್ಳಲಿ. ಸಂಜೆ ಅಪ್ಪನನ್ನು ಅವರ ಕುರ್ಚಿಯಲ್ಲಿ ಕೂರಿಸಿ ಮೊದಲ ಶ್ಲೋಕ ಹಾಕಿದೆ.

ಹಾಲಿನ ತುಂಬ ಅಪ್ಪನ ಧ್ವನಿ ತುಂಬಿತು. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಒಮ್ಮೆ ಸ್ಪೀಕರನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣು ಮುಚ್ಚಿದರು. ಕಣ್ಣಿನಂಚಿನಿಂದ ನೀರು ಇಳಿಯಿತು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಬೆಳಗ್ಗೆ ಶ್ಲೋಕ ಹಾಕಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಬಾಯಿ ತೆರೆಯಲಿಲ್ಲ. ಅದರ ಮರುದಿನವೂ ತೆರೆಯಲಿಲ್ಲ. ಭುಜ ಅದುರುವುದು ನಿಂತಿತ್ತು, ಗಂಟಲಿನಲ್ಲಿ ಏನೂ ಹೊರಳುತ್ತಿರಲಿಲ್ಲ. ಕಚೇರಿಯ ಕೆಲಸ ಮುಗಿಸಿ ಬಂದವರು ರೇಡಿಯೋ ಕೇಳುವ ಹಾಗೆ ಹಾಯಾಗಿ ಕೂತು ಕೇಳುತ್ತಿದ್ದರು. ನಾನು ವಾಲ್ಯೂಮ್ ಹೆಚ್ಚಿಸಿದೆ, ತಗ್ಗಿಸಿದೆ. ಸ್ಪೀಕರನ್ನು ಅವರ ಹತ್ತಿರಕ್ಕೆ ಎಳೆದೆ. ಬೇರೆ ಶ್ಲೋಕ ಹಾಕಿದೆ.

ವಾರದ ಕೊನೆಗೆ ಥೆರಪಿಸ್ಟ್ ನೇರವಾಗಿಯೇ ಕೇಳಿದಳು. "ಮುನ್ನಾಡಿ ಟ್ರೈ ಪಣ್ಣಿಟ್ಟಿರುಂದಾರೇ, ಅಕ್ಕಾ? ಇಪ್ಪೋ ಏನ್ ವಾಯೇ ತೆರಕ್ಕಲೆ?"

ಮೊದಲು ಪ್ರಯತ್ನಪಡುತ್ತಿದ್ದವರು ಈಗ ಬಾಯಿಯನ್ನೇ ಯಾಕೆ ತೆರೆಯುತ್ತಿಲ್ಲ? ನನಗೆ ಏನು ಗೊತ್ತು! ಅವಳು ಪ್ರಯತ್ನ ಎಂದದ್ದು ನನ್ನ ತಲೆಗೆ ಆಗಲೇ ಹೋಗಬೇಕಿತ್ತು. ಬೆಚ್ಚಿಬೀಳುತ್ತಿದ್ದಾರೆ ಎಂದು ನಾನು ಅಂದುಕೊಂಡದ್ದನ್ನು ಅವಳು ಪ್ರಯತ್ನ ಎಂದು ನೋಡಿದ್ದಳು. ಅವಳು ಹೋದ ಮೇಲೆ ಅಮ್ಮನ ಮುಂದೆ ಹೋಗಿ ರೇಗಾಡಿದೆ. ಎಲ್ಲ ಸರಿ ಮಾಡಿಕೊಟ್ಟಿದ್ದೇನೆ, ಅವರದೇ ಧ್ವನಿ ಅವರಿಗೆ ಕೇಳಿಸುತ್ತಿದೆ, ಒಂದು ಪದವಾದರೂ ಜೊತೆಗೆ ಹೇಳಬಾರದೇ?

ಅಮ್ಮ ಹುಣಿಸೆಹಣ್ಣು ಕಿವುಚುತ್ತಿದ್ದಳು. ತಲೆ ಎತ್ತಲಿಲ್ಲ.

"ಜೊತೆಗೆ ಅವರು ಯಾವತ್ತು ಹೇಳಿದ್ರು?" ಎಂದಳು.

"ಅಂದ್ರೆ?"

"ಅಂದ್ರೆ ಏನು ಅಂದ್ರೆ. ಅವರು ಎತ್ತಿಕೊಡ್ತಾರೆ, ಬಿಡ್ತಾರೆ. ಮಿಕ್ಕಿದ್ದು ಗುಂಪು ಹೇಳತ್ತೆ. ಅಷ್ಟು ಹೊತ್ತು ಅವರು ಸುಮ್ನೆ ಉಸಿರು ತಗೊಂಡು ಮುಂದಿನ್ದು ಯೋಚನೆ ಮಾಡ್ತಿರ್ತಾರೆ. ಈಗ ಆ ಡಬ್ಬಿನೇ ಎತ್ತಿಕೊಡತ್ತೆ, ಡಬ್ಬಿನೇ ಮುಗಿಸತ್ತೆ. ಇವರಿಗೆ ಏನು ವೇಲೆ ಅಲ್ಲಿ?"

ವೇಲೆ ಎಂದರೆ ಕೆಲಸ. ನಮ್ಮ ಮನೆಯಲ್ಲಿ ಆ ತಮಿಳು ಪದಕ್ಕೇ ರೂಢಿ. ಇವರಿಗೆ ಅಲ್ಲಿ ಏನು ಕೆಲಸ? ಟಪ್ ಎಂದಾಗಲೆಲ್ಲ ಅಪ್ಪ ಬೆಚ್ಚಿಬೀಳುತ್ತಿರಲಿಲ್ಲ. ಶ್ಲೋಕಕ್ಕೆ ತಲೆಯಿಲ್ಲದೆ ಗುಂಪು ನುಗ್ಗುತ್ತಿದೆ ಎಂದು ಗಾಬರಿಯಾಗಿ, ನಲವತ್ತು ವರ್ಷದ ಅಭ್ಯಾಸದಿಂದ ಎತ್ತಿಕೊಡಲು ಹೊರಡುತ್ತಿದ್ದರು. ಆ ಭುಜ, ಆ ಅರ್ಧ ತೆರೆದ ಬಾಯಿ, ಗಂಟಲಿನ ಆ ಹೊರಳಾಟ ಅವರ ಕೆಲಸವಾಗಿತ್ತು. ನಾನು ಅಷ್ಟೊಂದು ಶ್ರಮಪಟ್ಟು, ಊರೆಲ್ಲ ಸುತ್ತಿ, ಆ ಕೆಲಸದಿಂದ ಅವರನ್ನು ಬಿಡಿಸಿ ಮನೆಯಲ್ಲಿ ಕೂರಿಸಿದ್ದೆ. ಫೋನಿನಲ್ಲಿ ಹಾಕಿದ ದಿನ ತುಟಿ ಅಲುಗದೆ ಇದ್ದುದಕ್ಕೂ ಅದೇ ಕಾರಣ. ಕೀಚಲು ಸದ್ದಿನ ತಪ್ಪಲ್ಲ ಅದು.

ಒಂದು ವಾರ ಕಳೆದುಕೊಂಡಿದ್ದೇವೆ ಎನ್ನುವುದೊಂದೇ ತಲೆಯಲ್ಲಿ ಸುತ್ತತೊಡಗಿತು. ಮೊದಲ ಕೆಲವು ತಿಂಗಳು ಮುಖ್ಯ ಎಂದಿದ್ದಳಲ್ಲ ಆ ಹುಡುಗಿ. ಮಗಳು ಬಂದ ಮೇಲೆ ಮೊದಲ ಪದ ಕತ್ತರಿಸಿಕೊಡಲು ಹೇಳಿದ್ದರೆ ಆಗುತ್ತಿತ್ತು. ಸಂಜೆಯವರೆಗೆ ಕಾಯಬೇಕಲ್ಲ! ಹಾಲಿಗೆ ಓಡಿದೆ. ಅಪ್ಪ ಕುರ್ಚಿಯಲ್ಲಿದ್ದರು. ನಾನು ಅವರ ಮುಖವನ್ನೂ ನೋಡದೆ ಮೌನ ಜೋಡಿಸದ ಹಳೆಯ ಶ್ಲೋಕಗಳನ್ನೇ ಆರಿಸಿ, ಸ್ಟ್ಯಾಂಡಿನ ಹಿಂದೆ ನುಗ್ಗಿ ಸೆಟ್ಟಿಂಗನ್ನು ಮೊದಲಿನಂತೆ ಮಾಡಲು ಹೋದೆ. ಹಳೆಯ ತಪ್ಪು ವಾಪಸು ಬೇಕಿತ್ತು ನನಗೆ, ತಕ್ಷಣ. ಡ್ಯಾಕ್ ರೀಸ್ಟಾರ್ಟ್ ಕೇಳಿತು. ಮಾಡಿದೆ. ಈಗ ಸ್ಟ್ರೀಮರಿಗೆ ಡ್ಯಾಕ್ ಕಾಣುತ್ತಿಲ್ಲ. ಸ್ಟ್ರೀಮರನ್ನು ರೀಸ್ಟಾರ್ಟ್ ಮಾಡಿದೆ. ಡ್ಯಾಕ್ ಕಂಡಿತು, ಸದ್ದು ಇಲ್ಲ. "ಒಂದು ನಿಮಿಷ ಅಪ್ಪಾ, ಈಗ ಸರಿಹೋಗತ್ತೆ, ಈಗ ಬರತ್ತೆ ನೋಡಿ," ಎಂದು ಬಡಬಡಿಸುತ್ತಲೇ ಇದ್ದೆ. ಆಂಪ್ಲಿಫೈಯರ್ ಆನ್ ಇರುವುದನ್ನೂ ನೋಡದೆ ಒಂದು ತಂತಿಯನ್ನು ಎಳೆದುಬಿಟ್ಟೆ.

ಢಮ್ ಎಂದಿತು ಸ್ಪೀಕರ್. ಕಿಟಕಿಯ ಗಾಜು ಝಲ್ಲೆಂದಿತು. ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. "ಅಯ್ಯೋ, ಏನಾಯ್ತೇ!" ಎಂದು ಅಮ್ಮ ಕೂಗಿದಳು. "ಏನಿಲ್ಲ, ಏನಿಲ್ಲ, ತಂತಿ ಬಿಟ್ಟಿತ್ತು, ಈಗಲೇ ಹಾಕ್ತೀನಿ," ಎನ್ನುತ್ತ ನಾನು ಮೊಣಕಾಲ ಮೇಲೆ ತೆವಳುತ್ತ ಆ ತಂತಿಯ ತುದಿಗಾಗಿ ಕತ್ತಲಲ್ಲಿ ತಡಕಾಡುತ್ತಿದ್ದೆ.

"ಕೂತ್ಕೋ."

ಕೈ ಹಾಗೇ ನಿಂತಿತು. ತಲೆ ಎತ್ತಿದವಳಿಗೆ ಸ್ಟ್ಯಾಂಡಿನ ಅಂಚು ಹಣೆಗೆ ಬಡಿಯಿತು, ನೋವಾದದ್ದು ಆಮೇಲೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು. ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಕುಟ್ಟಿ ಇನ್ನೊಮ್ಮೆ, ಒರಟಾಗಿ, ಸ್ವಲ್ಪ ತೊದಲುತ್ತ ಹೇಳಿದರು.

"ಕೂ... ಕೂತ್ಕೋ."

ಯಾವ ಶ್ಲೋಕದಲ್ಲೂ ಇಲ್ಲದ ಪದ. ಯಾರೂ ಎತ್ತಿಕೊಡದ ಪದ. ಅವರದೇ. ತಂತಿಯನ್ನು ಬಿಟ್ಟು, ತೆವಳಿಕೊಂಡೇ ಈಚೆ ಬಂದು, ಅವರ ಕಾಲ ಹತ್ತಿರ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಹುಣಿಸೆಯ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಮಾತಾಡಬೇಡ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಆ ಎಚ್ಚರಿಕೆ ಬೇಕಾಗಿದ್ದದ್ದು ನನಗೇ.

ಸಿಸ್ಟಮ್ ಸತ್ತು ಬಿದ್ದಿತ್ತು. ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ. ಅಪ್ಪ ನನ್ನನ್ನು ನೋಡಿದರು, ಜಮಖಾನದ ಮೇಲೆ ಎಲ್ಲರೂ ಸರಿಯಾಗಿ ಕೂತಿದ್ದಾರೋ ಇಲ್ಲವೋ ಎಂದು ನೋಡುವವರ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡರು. ಭುಜ ಅದುರಿತು. ಬಾಯಿ ಅರ್ಧ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಹೇಳಿಕೊಡಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೂತೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಮಾಡಿಲ್ಲ.

ಬಂತು. ರೆಕಾರ್ಡಿಂಗಿನ ತುಂಬು ಗಂಟಲಲ್ಲ. ಸವೆದ, ಒಡೆದ, ಶ್ರುತಿ ತಪ್ಪಿದ ಧ್ವನಿಯಲ್ಲಿ, ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದಿದಂತೆ ಮೇಲಕ್ಕೆ ತಂದು, ಅಪ್ಪ ಮೊದಲ ಶ್ಲೋಕದ ಮೊದಲ ಪದವನ್ನು ಪೂರ್ತಿ ಹೇಳಿದರು. ಹೇಳಿ ನಿಲ್ಲಿಸಿದರು. ನಿಲ್ಲಿಸಿ ಕಾಯ್ದರು.

ಗುಂಪು ಸೇರಬೇಕಿತ್ತು. ಗುಂಪು ಎಂದರೆ ಅಲ್ಲಿ ನಾನೊಬ್ಬಳೇ. ಇಷ್ಟು ವಾರ ದಿನಾ ಕೇಳಿ ಕೇಳಿ ಕಿವಿಯಲ್ಲಿ ಉಳಿದಿದ್ದಷ್ಟನ್ನು ನಂಬಿಕೊಂಡು ನಾನು ಸೇರಿದೆ. ಅಳು ಬೇರೆ ಉಕ್ಕಿ ಬರುತ್ತಿತ್ತು, ಶ್ರುತಿ ಎಲ್ಲಿಗೋ ಹೋಯಿತು. ಮೊದಲ ಸಾಲು ಹೇಗೋ ಮುಗಿಸಿದೆ. ಎರಡನೆಯ ಸಾಲಿನ ಮಧ್ಯಕ್ಕೆ ಬಂದು ನಿಂತುಹೋದೆ. ಮುಂದಿನ ಪದ ಹೊಳೆಯಲಿಲ್ಲ. ಎಷ್ಟು ತಡಕಿದರೂ ಇಲ್ಲ, ತಲೆ ಖಾಲಿ. ಬಾಯಿ ತೆರೆದುಕೊಂಡು ಅಪ್ಪನ ಮುಖವನ್ನೇ ನೋಡುತ್ತ ಕೂತೆ.

ಅಪ್ಪ ಸ್ವಲ್ಪ ಹೊತ್ತು ಕಾಯ್ದರು. ಆಮೇಲೆ ಆ ಪದವನ್ನು ನನಗೆ ಹೇಳಿಕೊಟ್ಟರು.